ಯಾವ ಡಿವಿಡಿ ರೆಕಾರ್ಡರ್ ತಗೊಳ್ಳೋದು ಅನ್ನೋ ತಪ್ಪು ಪ್ರಶ್ನೆ

ಮೊನ್ನೆ ಹಿರೇಕೆರೂರಿನಿಂದ ಚಿಕ್ಕಪ್ಪ ಫೋನ್ ಮಾಡಿದ್ದ. "ತಮ್ಮಾ, ನೀ ಕಂಪ್ಯೂಟರ್ ಕಲ್ತಾವ. ಮನ್ಯಾಗಿನ ವಿಡಿಯೋ ಕ್ಯಾಸೆಟ್ಟೆಲ್ಲಾ ಸೀಡಿ ಮಾಡೂ ಮಷೀನ್ ಯಾವ್ದು ಛಲೋ ಐತಿ ಹೇಳಪಾ. ಇಲ್ಲೊಬ್ಬಾಂವ ಹಳೇದ ಒಂದು ಕೊಡ್ತೀನಿ ಅಂತಾನ."

ಸಾಫ್ಟ್‌ವೇರ್ ಇಂಜಿನಿಯರ್ ಆದ ಮೇಲೆ ಮಿಕ್ಸರ್‌ನಿಂದ ಹಿಡಿದು ಮೋಟಾರ್ ಪಂಪಿನವರೆಗೆ ಎಲ್ಲದಕ್ಕೂ ನಮ್ಮ ಅಭಿಪ್ರಾಯ ಬೇಕಾಗುತ್ತೆ ನೋಡಿ :-) ಆದರೆ ಈ ಸಲ ನಿಜವಾಗಿಯೂ ಹೇಳೋಕೆ ಏನೋ ಇತ್ತು. ಯಾಕೆಂದರೆ ಇದೇ ಪ್ರಶ್ನೆಯಲ್ಲಿ ನಮ್ಮ ಮನೆಯವರು 2007ರಲ್ಲೇ ಒಮ್ಮೆ ಮೋಸ ಹೋಗಿದ್ದೆವು, ಮತ್ತು ಮೋಸ ಹೋಗಿದ್ದು ಗೊತ್ತಾಗಿದ್ದು ಮೊನ್ನೆ ಮೊನ್ನೆ.

ಅವ್ವ-ಅಪ್ಪನ ಮದುವೆ ಆದದ್ದು 1994ರಲ್ಲಿ, ಸವಣೂರಿನಲ್ಲಿ. ಮದುವೆಯ ವಿಡಿಯೋ ಒಂದು ಇ-180 ಟೇಪಿನಲ್ಲಿತ್ತು, ಅಂದರೆ ಮೂರು ಗಂಟೆಯದು. ಹಾನಗಲ್ಲಿನ ನಮ್ಮ ಮನೆಯಲ್ಲಿ ವಿಸಿಆರ್ ಕೆಟ್ಟು ಮೂಲೆ ಸೇರಿದಾಗ ಅಪ್ಪ ಆ ಟೇಪನ್ನು ಪಟ್ಟಣದ ಒಂದು ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿಕೊಂಡು ಬಂದರು. ಮನೆಯಲ್ಲಿ ಇಟ್ಟುಕೊಳ್ಳೋ ಡಿವಿಡಿ ರೆಕಾರ್ಡರುಗಳು ಆಗ ಜೋರಾಗಿದ್ದವು. ಒಂದು 4.7 ಜಿಬಿ ಡಿಸ್ಕಿಗೆ ಎಸ್‌ಪಿ ಮೋಡಿನಲ್ಲಿ ಎರಡು ಗಂಟೆ, ಎಲ್‌ಪಿಯಲ್ಲಿ ನಾಲ್ಕು ಗಂಟೆ, ಇಪಿಯಲ್ಲಿ ಆರು ಗಂಟೆ ಹಿಡಿಯುತ್ತೆ. ಮೂರು ಗಂಟೆಯ ಟೇಪು ಎರಡು ಗಂಟೆಯ ಮೋಡಿನಲ್ಲಿ ಹಿಡಿಯೋದಿಲ್ಲವಲ್ಲ, ಅಂಗಡಿಯವನು ಇನ್ನೊಂದು ಡಿಸ್ಕ್ ಉಳಿಸೋಕೆ ನಾಲ್ಕು ಗಂಟೆಯ ಮೋಡಿಗೆ ಹಾಕಿದ. ಸೆಕೆಂಡಿಗೆ 5 ಮೆಗಾಬಿಟ್ ಇರಬೇಕಾದ್ದು ಅರ್ಧಕ್ಕಿಳಿಯಿತು. ಅಕ್ಕಿಕಾಳು ಬೀಳೋ ಹೊತ್ತಿಗೆ ಅಪ್ಪನ ಮುಖ ಚೌಕ ಚೌಕವಾಗಿ ಒಡೆದು ಹೋಗುತ್ತೆ. ಟೇಪು ಹಳೇದು, ಅದಕ್ಕೇ ಹಿಂಗೆ ಅಂತ ನಾವೆಲ್ಲ ನಂಬಿದ್ದೆವು. ಡಿವಿಡಿ ಆಯಿತಲ್ಲ, ಟೇಪು ಇನ್ನು ಯಾಕೆ ಅಂತ ಎಸೆಯೋದೊಂದೇ ಬಾಕಿ. ಅವ್ವನಿಗೆ ಯಾವುದನ್ನೂ ಎಸೆದು ಗೊತ್ತಿಲ್ಲ, ಹಂಗಾಗಿ ಅದು ಟಿಜೂರಿಯಲ್ಲಿ ಸೀರೆಗಳ ಕೆಳಗೆ ಉಳಿಯಿತು.

ಇನ್ನು ಧ್ವನಿಯ ವಿಷಯ. ಆ ಕಾಲದ ಮದುವೆ ವಿಡಿಯೋ ನೋಡಿದವರಿಗೆಲ್ಲ ಗೊತ್ತು. ಉದ್ದಕ್ಕೂ ಸಿನಿಮಾ ಹಾಡು! ಅರಿಷಿಣ ಹಚ್ಚುವಾಗ ಒಂದು, ಊಟಕ್ಕೆ ಒಂದು, ಬೀಳ್ಕೊಡುವಾಗ ಅಳೋ ಹಾಡು ಒಂದು. ಬಾಯಿ ಅಲುಗಾಡೋದು ಕಾಣುತ್ತೆ, ಮಾತು ಕೇಳೋದಿಲ್ಲ. ಸುರಗಿ ಸುತ್ತುವ ಹೊತ್ತಿನಲ್ಲಿ ಸವಣೂರಿನ ಅಜ್ಜಿ, ಅಂದರೆ ಅವ್ವನ ಅವ್ವ, ನಾಲ್ಕು ಹೆಂಗಸರ ಮುಂದೆ ಕೂತು ಸೋಬಾನ ಹಾಡ್ತಾ ಇರೋದು ಐದಾರು ನಿಮಿಷ ಇದೆ. ಅಜ್ಜಿ 2011ರಲ್ಲಿ ತೀರಿಕೊಂಡಳು. ಅಜ್ಜಿಯ ದನಿ ನಮ್ಮ ಹತ್ತಿರ ಇನ್ನೆಲ್ಲೂ ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು ಅನ್ನೋ ಬುದ್ಧಿ ಆಗ ಯಾರಿಗೂ ಬರಲಿಲ್ಲ.

ಕಳೆದ ವರ್ಷ ಶಿಗ್ಗಾವಿಯಲ್ಲಿ ಒಬ್ಬ ಹಳೇ ಸ್ಟುಡಿಯೋದವರ ಪರಿಚಯ ಆಯಿತು. ಮದುವೆ ವಿಡಿಯೋ ಮಾಡ್ತಿದ್ದವರು, ಈಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಅವರ ಹತ್ತಿರ ಇನ್ನೂ ನಡೆಯೋ ಒಂದು ವಿಸಿಆರ್ ಇತ್ತು, ಅದೂ ಹೈ-ಫೈ. ಟೇಪು ಹಾಕಿದರು. ಅಜ್ಜಿ ಬಂದಳು, ಎಂದಿನಂತೆ ಬಾಯಿ ಆಡಿಸಿದಳು. ಆದರೆ ಸಿನಿಮಾ ಹಾಡು ಬರಲಿಲ್ಲ. ಅಜ್ಜಿಯ ದನಿಯೇ ಬಂತು...

ನನಗೆ ಒಂದು ಕ್ಷಣ ಏನಾಯಿತು ಅಂತಲೇ ತಿಳಿಯಲಿಲ್ಲ. ಅವರು ನಕ್ಕು ಸೀದಾ ವಿವರಿಸಿದರು. ವಿಎಚ್‌ಎಸ್ ಟೇಪಿನಲ್ಲಿ ಧ್ವನಿಗೆ ಎರಡು ಜಾಗ ಇವೆ. ಒಂದು ಟೇಪಿನ ಅಂಚಿನಲ್ಲಿ ಉದ್ದಕ್ಕೆ ಹೋಗೋ ತೆಳು ಪಟ್ಟಿ, ಸಾದಾ ಟ್ರ್ಯಾಕ್. ಇದು ಎಲ್ಲಾ ವಿಸಿಆರುಗಳಲ್ಲೂ ಕೇಳುತ್ತೆ. ಇನ್ನೊಂದು ಹೈ-ಫೈ ಟ್ರ್ಯಾಕ್. ಇದನ್ನ ತಿರುಗೋ ಡ್ರಮ್ಮಿನಲ್ಲಿರೋ ಹೆಡ್ಡುಗಳು ಬರೆಯುತ್ತವೆ, ಚಿತ್ರದ ಅಡಿಯಲ್ಲೇ, ಅದೇ ಜಾಗದಲ್ಲಿ ಇನ್ನೂ ಆಳಕ್ಕೆ. ಸ್ಟುಡಿಯೋದವರು ಶೂಟ್ ಆದ ಟೇಪಿನ ಮೇಲೆಯೇ ಆಡಿಯೋ ಡಬ್ ಮಾಡಿದರೆ ಅಳಿಸಿ ಹೋಗೋದು ಅಂಚಿನ ಪಟ್ಟಿ ಮಾತ್ರ. ಚಿತ್ರವನ್ನ ಅಳಿಸದೆ ಹೈ-ಫೈ ಧ್ವನಿಯನ್ನ ಅಳಿಸೋಕೇ ಬರೋದಿಲ್ಲ. ಹಂಗಾಗಿ ಹೈ-ಫೈ ಕ್ಯಾಮೆರಾದಲ್ಲಿ ತೆಗೆದು, ಅದೇ ಟೇಪಿಗೆ ಹಾಡು ಹಾಕಿದ್ದರೆ ಮೂಲ ಧ್ವನಿ ಸಿನಿಮಾ ಹಾಡಿನ ಕೆಳಗೆ ಮೂವತ್ತು ವರ್ಷ ಸುಮ್ಮನೆ ಕೂತಿರುತ್ತೆ. ನಮ್ಮ ಮನೆಯ ವಿಸಿಆರ್ ಮೋನೋ. 2007ರಲ್ಲಿ ಅಂಗಡಿಯವನು ಹಾಕಿದ ವಿಸಿಆರೂ ಮೋನೋ ಇದ್ದಿರಬೇಕು. (ಎಡಿಟ್ ಮಾಡಿ ಬೇರೆ ಟೇಪಿಗೆ ಕಾಪಿ ಹೊಡೆದಿದ್ದರೆ ಈ ಅದೃಷ್ಟ ಇಲ್ಲ, ಅದೂ ಹೇಳಿಬಿಡ್ತೀನಿ.)

ರಾತ್ರಿ ಹಾನಗಲ್ಲಿಗೆ ಬಂದು ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದೆ. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಬಂದು ನಿಂತಳು. ಪೂರ್ತಿ ಕೇಳಿ, "ನಮ್ಮವ್ವ ಎರಡನೇ ನುಡಿ ಯಾವತ್ತೂ ಮರೀತಿದ್ಲು. ಇಲ್ಲೂ ಮರ್ತಾಳ ನೋಡು" ಅಂದು ಒಳಗೆ ಹೋದಳು.

ಅದಕ್ಕೇ ನಾನು ಹೇಳೋದು, ಯಾವ ರೆಕಾರ್ಡರ್ ಅನ್ನೋದು ತಪ್ಪು ಪ್ರಶ್ನೆ ಅಂತ. ಯಾವ ವಿಸಿಆರಿನಲ್ಲಿ ಟೇಪು ಓಡಿಸ್ತೀರಿ ಅನ್ನೋದು ಮೊದಲು. ಟೇಪಿನಿಂದ ಹೊರಗೇ ಬರದ ಧ್ವನಿಯನ್ನ ಎಷ್ಟು ದುಬಾರಿ ಮಷೀನೂ ಹಿಡಿಯಲಾರದು. ವಿಸಿಆರುಗಳೋ ದಿನ ದಿನಕ್ಕೆ ಕಮ್ಮಿಯಾಗ್ತಿವೆ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಜಗತ್ತಿನಲ್ಲಿ ಹೊಸ ವಿಸಿಆರ್ ಯಾರೂ ಮಾಡ್ತಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಫಿಲ್ಮ್ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಒಂದು ಪ್ರಬಂಧ ಬರೆದು ಎಚ್ಚರಿಸಿತ್ತು, 2025ರೊಳಗೆ ಡಿಜಿಟಲ್ ಆಗದ ಟೇಪುಗಳು ಬಹುಪಾಲು ಹೋದ ಹಾಗೇ ಅಂತ. ಟೇಪು ಒಂದೇ ದಿನಕ್ಕೆ ಸತ್ತುಹೋಗೋದಿಲ್ಲ ನಿಜ. ಆದರೆ ಓಡಿಸೋ ಯಂತ್ರ, ಅದನ್ನ ರಿಪೇರಿ ಮಾಡೋ ಕೈ, ಎರಡೂ ಸಿಗದೇ ಹೋಗುತ್ತವೆ.

ಎರಡನೇ ಮಾತು, ಡಿಸ್ಕಿಗೆ ಹಾಕಲೇಬೇಡಿ. ಮನೆಯಲ್ಲಿ ಬರೆಯೋ ಡಿವಿಡಿಯಲ್ಲಿರೋದು ಒಂದು ಬಣ್ಣದ ಪದರ, ಅದು ಬಿಸಿಲು ಸೆಖೆಗೆ ಹಾಳಾಗುತ್ತೆ. ಫೈನಲೈಸ್ ಮಾಡೋದು ಮರೆತರೆ ಬೇರೆ ಪ್ಲೇಯರಿನಲ್ಲಿ ಓಡೋದೂ ಅನುಮಾನ. ಅಷ್ಟೆಲ್ಲ ಮಾಡಿ ಹಾಕೋದಾದರೂ ಎಲ್ಲಿಗೆ? ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಡ್ರೈವೇ ಇರೋದಿಲ್ಲ. ಫೈಲ್ ಮಾಡಿ, ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ, ಒಂದು ನಿಮ್ಮ ಮನೇಲಿ, ಒಂದು ಅಕ್ಕನ ಮನೇಲಿ. ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ಮೂರು ಗಂಟೆಯ ಟೇಪು 11 ಜಿಬಿ ಸುತ್ತಮುತ್ತ ಆಗುತ್ತೆ. ಇವತ್ತಿನ ಕಾಲಕ್ಕೆ ಅದೇನು ದೊಡ್ಡದಲ್ಲ. ಮತ್ತೆ, ಫೈಲ್ ಆಯಿತು ಅಂತ ಟೇಪು ಎಸೆಯಬೇಡಿ. ನಮ್ಮ ಕತೆ ಕೇಳಿದಿರಲ್ಲ.

ಹಾಗಂತ ಹಳೇ ಡಿವಿಡಿ ರೆಕಾರ್ಡರ್ ತಿಪ್ಪೆಗೆ ಅಂತ ಅಲ್ಲ. ಮಜಾ ಏನಂದರೆ, ಬರೆಯೋ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಅವು ಬಹಳ ಛಲೋ. ಹಳೇ ಟೇಪು ಎಳೆದು ಸಡಿಲಾಗಿರುತ್ತೆ, ಚಿತ್ರದ ಒಂದೊಂದು ಗೆರೆಯೂ ಒಂದಿಷ್ಟು ಮುಂಚೆಯೋ ತಡವಾಗಿಯೋ ಶುರುವಾಗುತ್ತೆ, ಮೇಲಿನ ತುದಿ ಬಾವುಟದ ಹಾಗೆ ಬಾಗುತ್ತೆ. ಕಂಪ್ಯೂಟರಿಗೆ ಹಾಕೋ ಅಗ್ಗದ ಯುಎಸ್‌ಬಿ ಸಾಧನಗಳು ಇಲ್ಲೇ ಮುಗ್ಗರಿಸೋದು, ಫ್ರೇಮ್ ಬಿಟ್ಟು ಬಿಟ್ಟು ಕೊನೆಗೆ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುತ್ತೆ. ಪ್ಯಾನಾಸಾನಿಕ್‌ನ ಡಿಎಂಆರ್-ಇಎಸ್10, ಇಎಸ್15ರಂಥ ಕೆಲವು ರೆಕಾರ್ಡರುಗಳು ಒಳಗೆ ಬಂದ ಚಿತ್ರದ ಗೆರೆಗಳನ್ನ ಸರಿಯಾಗಿ ಜೋಡಿಸಿ ಹೊರಗೆ ಬಿಡುತ್ತವೆ. ವಿಸಿಆರ್ ಮತ್ತು ಕಂಪ್ಯೂಟರಿನ ನಡುವೆ ಅದನ್ನ ಕೂರಿಸಿ, ಡಿಸ್ಕ್ ಹಾಕದೇ ಸುಮ್ಮನೆ ಹಾಯಿಸಿದರೆ ಆಯಿತು. ತಗೊಳ್ಳುವಾಗ ಪಾಲ್ ಸಿಸ್ಟಮ್ ಅಂತ ಮಾತ್ರ ನೋಡಿಕೊಳ್ಳಿ. ಅಮೆರಿಕದಿಂದ ಬಂದ ಮಷೀನುಗಳಲ್ಲಿ ನಮ್ಮ ಟೇಪಿನ ಚಿತ್ರ ನಿಲ್ಲೋದಿಲ್ಲ.

"ಯಾರೋ ಇದನ್ನೆಲ್ಲ ನೋಡವರು" ಅಂತ ನಮ್ಮ ಮನೆಯಲ್ಲೇ ಕೇಳಿದರು. ಸರಿ, ಮದುವೆ ಬಿಡಿ. ಸವಣೂರಿನ ಮಾವನ ಹತ್ತಿರ ಇನ್ನೊಂದು ಟೇಪಿದೆ, ಕಲ್ಮಠದ ದೊಡ್ಡಹುಣಸೆ ಮರಗಳ ಕೆಳಗೆ ನಾವು ಹುಡುಗರು ಆಡಿದ್ದು. ಮೂರೂ ಮರ ನೆಟ್ಟಗೆ ನಿಂತಿವೆ ಅದರಲ್ಲಿ. 2023ರ ಜುಲೈ ಮಳೆಗೆ ಒಂದು ಮರ ಉರುಳಿತು, ಎತ್ತಿ ಮತ್ತೆ ನೆಟ್ಟರು ಅನ್ನಿ, ಆದರೂ ಆ ನೋಟ ಹೋಯಿತಲ್ಲ. ಚಿಕ್ಕಪ್ಪನ ಟೇಪಿನಲ್ಲಿರೋದು 1998ರ ದೀಪಾವಳಿಯ ಹೋರಿ ಹಬ್ಬ, ಅವನ ಹೋರಿ ಕೊಬ್ಬರಿ ಸರ ಹಾಕಿಕೊಂಡು ಯಾರ ಕೈಗೂ ಸಿಗದೇ ಓಡಿದ್ದು. ಈಗ ಒಂದೊಂದು ಹೋರಿಯ ಹಿಂದೆ ನೂರು ಮೊಬೈಲು ಓಡುತ್ತವೆ. ಆ ಹೋರಿ ಇರೋದು ಹದಿನೈದು ನಿಮಿಷ, ಒಂದೇ ಟೇಪಿನಲ್ಲಿ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಸೋಬಾನ, ದೊಡ್ಡಾಟ, ಹೋರಿ ಹಬ್ಬ ಇರೋ ಟೇಪು ಇಟ್ಟುಕೊಂಡವರು ಒಮ್ಮೆ ಅಲ್ಲಿ ಹೋಗಿ ಕೇಳಲಿ, ಅವರೂ ಒಂದು ಒಳ್ಳೇ ಹೈ-ಫೈ ವಿಸಿಆರ್ ಇಟ್ಟುಕೊಳ್ಳಲಿ ಅಂತ ನನ್ನ ಆಸೆ.

ಚಿಕ್ಕಪ್ಪನ ಟೇಪಿನ ಫೋಟೋ ತರಿಸಿಕೊಂಡು ನೋಡಿದೆ. ಕಿಟಕಿಯಲ್ಲಿ ಸುರುಳಿಯ ಅಂಚಿಗೆ ಬಿಳಿ ಬಿಳಿ ಬೂಷ್ಟು. ಮಲೆನಾಡಿನ ಸೆರಗಿನ ಊರು, ಅಟ್ಟದ ಮೇಲಿಟ್ಟರೆ ಇನ್ನೇನಾಗುತ್ತೆ. ಬೂಷ್ಟು ಹಿಡಿದದ್ದನ್ನ ಯಾವ ಕಾರಣಕ್ಕೂ ವಿಸಿಆರಿಗೆ ಹಾಕಬಾರದು, ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಟೇಪಿಗೂ ಹತ್ತುತ್ತೆ. ಮೊದಲು ಒಣಗಿಸಿ, ಒರೆಸಿ, ಆಮೇಲೆ ಮಾತು. ಇದನ್ನೆಲ್ಲ ಅರ್ಧ ಗಂಟೆ ಫೋನಿನಲ್ಲಿ ಹೇಳಿ, ಆ ಮಷೀನ್ ಸದ್ಯಕ್ಕೆ ತಗೋಬೇಡ, ಮುಂದಿನ ಶನಿವಾರ ನಾನೇ ಬರ್ತೀನಿ ಅಂದೆ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಡ್ವಾನ್ಸ್ ಕೊಟ್ಟ್ ಬಂದೇನಲ್ಲೋ ತಮ್ಮಾ" ಅಂದ.

ಮಾಡೆಲ್ ನಂಬರ್ ಓದಿ ಹೇಳು ಅಂತ ಹೇಳಿದ್ದೀನಿ. ನೋಡಬೇಕು.