ಮಂಗಳಾದೇವಿ ಆಯ್ತು, ಬೇಲೇಕೇರಿ ಯಾವಾಗ?

ಕನ್ನಡದಲ್ಲಿ ರೌಡಿ ಸಿನಿಮಾ ಅಂದ್ರೆ ಬೆಂಗಳೂರು ಅಂತ ಯಾರೋ ಬರೆದಿಟ್ಟ ಹಾಗಿತ್ತು. 1995ರಲ್ಲಿ ಉಪೇಂದ್ರರ ‘ಓಂ’ ನಿಜವಾದ ರೌಡಿಗಳನ್ನೇ ತೆರೆಗೆ ತಂತು. 2007ರಲ್ಲಿ ‘ದುನಿಯಾ’, ಅದೇ ವರ್ಷ ‘ಆ ದಿನಗಳು’. ಒಳ್ಳೆಯ ಸಿನಿಮಾಗಳೇ, ಇಲ್ಲ ಅನ್ನಲ್ಲ. ಆದ್ರೆ ಅಂಕೋಲೆಯವನಾದ ನನಗೆ ಆ ಗಲ್ಲಿಗಳು ಯಾವತ್ತೂ ಪರವೂರೇ.

ಅದಕ್ಕೇ 2021ರ ನವೆಂಬರ್‌ನಲ್ಲಿ ಬಂದ ‘ಗರುಡ ಗಮನ ವೃಷಭ ವಾಹನ’ ಅಷ್ಟು ಹಿಡಿಸ್ತು. ರಾಜ್ ಬಿ. ಶೆಟ್ಟಿ ಕಥೆಯನ್ನ ಮಂಗಳೂರಿನ ಮಂಗಳಾದೇವಿ ಬಿಟ್ಟು ಹೊರಗೆ ಒಯ್ಯೋದೇ ಕಮ್ಮಿ. ಕೊಲೆ ಮಾಡಿದ ಶಿವ ಹುಲಿವೇಷದ ಹೆಜ್ಜೆ ಹಾಕ್ತಾನಲ್ಲ, ಹಿಂದೆ ‘ಸೋಜುಗಾದ ಸೂಜಿಮಲ್ಲಿಗೆ’... ಹಾಡು ಮಾದಪ್ಪನದು, ಹೆಜ್ಜೆ ಮಂಗಳೂರಿನದು! ಎಲ್ಲಿಂದೆಲ್ಲಿಗೆ ಸಂಬಂಧ? ಆದ್ರೂ ಮೈ ಜುಂ ಅನ್ನುತ್ತೆ. ಆ ಹೆಜ್ಜೆ ಆ ಹುಡುಗನ ಮೈಯಲ್ಲಿ ಚಿಕ್ಕಂದಿನಿಂದ ಇದ್ದದ್ದು, ಡಾನ್ಸ್ ಮಾಸ್ಟರ್ ಕಲಿಸಿದ್ದಲ್ಲ ಅಂತ ನಂಬಿಕೆ ಬರುತ್ತೆ. 2014ರಲ್ಲೇ ‘ಉಳಿದವರು ಕಂಡಂತೆ’ ಮಲ್ಪೆಗೆ ಹೋಗಿತ್ತು, ನಿಜ.

ಮಲ್ಪೆ ದಾಟಿ ಉತ್ತರಕ್ಕೆ ಬಂದ್ರೆ? ನಮ್ಮ ಜಿಲ್ಲೆಗೆ ಕ್ಯಾಮೆರಾ ಬರೋದು ಹೆಚ್ಚಾಗಿ ಹಾಡಿಗೆ. 1996ರಲ್ಲಿ ‘ನಮ್ಮೂರ ಮಂದಾರ ಹೂವೇ’ ಯಾಣ ತೋರಿಸ್ತು. ಆಮೇಲೂ ಬಂಡೆ, ಜಲಪಾತ, ಬೀಚು. ಬೈತಖೋಲದಲ್ಲಿ ಬೆಳಗಿನ ಜಾವ ಮೀನಿನ ಬುಟ್ಟಿ ಹೊರುವವರು ಯಾರ ಫ್ರೇಮಿಗೂ ಬರಲ್ಲ.

ಅಪರಾಧ ಇಲ್ಲವೇ ನಮ್ಮಲ್ಲಿ? 2010ರಲ್ಲಿ ಜಪ್ತಿ ಮಾಡಿಟ್ಟ ಅದಿರೇ ಬೇಲೇಕೇರಿ ಬಂದರಿನಿಂದ ಲಕ್ಷಗಟ್ಟಲೆ ಟನ್ ಹಡಗು ಹತ್ತಿ ಹೋಯ್ತು! ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡ ಹೊರಟಾಗ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಮುಂದಿನ ತಿಂಗಳು ವಾಪಸ್ ಪಡೆದರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕರೂ ಸೇರಿ ಕೆಲವರಿಗೆ 7 ವರ್ಷ ಜೈಲು ಅಂತು. ನವೆಂಬರ್‌ನಲ್ಲಿ ಹೈಕೋರ್ಟ್ ಆ ಶಿಕ್ಷೆ ಅಮಾನತಿನಲ್ಲಿಟ್ಟಿತು. ಮಚ್ಚಿಲ್ಲ, ಲಾಂಗಿಲ್ಲ. ನಾನಾಗ ಇನ್ನೂ ಶಾಲೆ ಹುಡುಗ, ನೆನಪಿರೋದು ಹೈವೇ ಪಕ್ಕದ ಗಿಡಗಳೆಲ್ಲ ಕೆಂಪಗಿದ್ದದ್ದು ಮಾತ್ರ.

‘ಇದರಲ್ಲಿ ಸಿನಿಮಾ ಎಲ್ಲಿದೆ ಮಾರಾಯಾ, ಇದು ಪೇಪರ್ ಸುದ್ದಿ’ ಅಂದ ನನ್ನ ರೂಮ್‌ಮೇಟ್. ಶಾಸಕರನ್ನೋ ಲೋಕಾಯುಕ್ತರನ್ನೋ ಹೀರೋ ಮಾಡಿದ್ರೆ ಪೇಪರ್ ಸುದ್ದಿಯೇ ಆಗುತ್ತೆ, ಒಪ್ಪಿದೆ. ಆದ್ರೆ ಅರಬೈಲ್ ಘಟ್ಟ ಇಳಿಸುವ ಲಾರಿಯ ಕ್ಲೀನರನ್ನ ಹಿಡೀರಿ. ವೇ ಬ್ರಿಡ್ಜಿನಲ್ಲಿ ಕೂತು ತೂಕ ಬರೆಯುವ ಕೋಡಿಬಾಗದ ಹುಡುಗನನ್ನ ಹಿಡೀರಿ. ಸುಳ್ಳು ಅಂತ ಗೊತ್ತಿದ್ದೂ ಅಂಕಿ ಬರೀತಾನೆ, ತಿಂಗಳಿಗೆ ಸಂಬಳ ತಗೋತಾನೆ, ಮನೆಗೆ ಮೀನು ಒಯ್ತಾನೆ. ‘ಗರುಡ ಗಮನ’ದಲ್ಲೂ ಅಷ್ಟೇ ಅಲ್ವಾ, ಮೇಲಿನವರು ದಾಳ ಉರುಳಿಸ್ತಾರೆ, ಹರಿ ಶಿವ ಒಬ್ಬರನ್ನೊಬ್ಬರು ತಿಂದುಕೊಳ್ತಾರೆ. ರಕ್ತ ಕಾಣಿಸದೆ ಭಯ ಹುಟ್ಟಿಸೋದು ಹೇಗೆ ಅಂತ ಅಂಕೋಲೆಯ ವಿವೇಕ ಶಾನಭಾಗರೇ ‘ಘಾಚರ್ ಘೋಚರ್’ನಲ್ಲಿ ತೋರಿಸಿದ್ದಾರೆ, ಅದೂ ಬೆಂಗಳೂರಿನ ಕಥೆ, ಆ ಮಾತು ಬೇರೆ.

ನನಗಿರೋ ಹೆದರಿಕೆ ಭಾಷೆದು. ಕಾರವಾರದಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ಕೊಂಕಣಿಯಲ್ಲಿ ಮುಗಿಯುತ್ತೆ. ಅಂಕೋಲೆಯಲ್ಲಿ ಕೇರಿಗೊಂದು ಕನ್ನಡ. ಡಬ್ಬಿಂಗ್ ರೂಮಿಗೆ ಹೋದ ಕೂಡಲೇ ಎಲ್ಲರೂ ‘ಏನ್ ಗುರೂ’ ಅನ್ನೋಕೆ ಶುರು ಮಾಡಿದ್ರೆ ಮುಗೀತು ಕಥೆ. ಜನಕ್ಕೆ ಅರ್ಥ ಆಗಲ್ಲ ಅನ್ನೋ ನೆಪ ಬೇಡ, ಮಂಗಳೂರು ಕನ್ನಡದಲ್ಲೇ ‘ಗರುಡ ಗಮನ’ವನ್ನ ಬೆಂಗಳೂರಿನವರೂ ನೋಡಿದ್ರು.

ನಮ್ಮ ಕಡೆಯವರು ಯಾರಾದ್ರೂ ಸ್ಕ್ರಿಪ್ಟ್ ಬರೀತಿದ್ರೆ ಹೇಳಿ. ಹುಲಿವೇಷ ಇದ್ದ ಜಾಗದಲ್ಲಿ ಸುಗ್ಗಿ ಕುಣಿತ ತುರುಕಬೇಡಿ, ಅಷ್ಟು ಸಾಕು. ತೂಕದ ಹುಡುಗನ ಡೈಲಾಗ್ ನಾನೇ ಬರೆದು ಕೊಡ್ತೀನಿ, ದುಡ್ಡು ಬೇಡ :-)