ಅಪರಾಧಿ ಮರವಲ್ಲ, ನೀರು

"ಪೈನ್ ಮರದ ಕಿಟಕಿ ಎರಡೇ ಮಳೆಗಾಲಕ್ಕೆ ಕುಂಬಾಯಿತು. ಮೆದು ಮರದ ಹಣೆಬರಹವೇ ಇಷ್ಟು, ಕಾಡಿನ ಹೊನ್ನೆ, ಮತ್ತಿಯೇ ಬೇಕು" ಎಂಬ ಮಾತು ಮಲೆನಾಡಿನಲ್ಲಿ ಗಾದೆಯಂತಾಗುತ್ತಿದೆ. ಇದು ಅರೆಸತ್ಯ. ಅದರ ಬೆಲೆ ತೆರುವುದು ಮಾತ್ರ ನಮ್ಮ ಕಾಡು.

ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ಆಹಾರ, ಗಾಳಿ, ಹದವಾದ ಶಾಖ, ನೀರು ನಾಲ್ಕೂ ಬೇಕು. ಮನೆ ಕಟ್ಟುವವರ ಹಿಡಿತದಲ್ಲಿರುವುದು ನೀರೊಂದೇ. ಒಣಮರದ ತೂಕದಲ್ಲಿ ತೇವಾಂಶ ಶೇ. 20ರ ಒಳಗಿದ್ದರೆ ಶಿಲೀಂಧ್ರ ಬೆಳೆಯಲಾರದು; ಸುಮಾರು ಶೇ. 30ನ್ನು ಮೀರಿ ಬಹುಕಾಲ ನಿಂತರೆ ಕೊಳೆತ ಖಚಿತ. ಮುಂಗಾರಿನ ಗಾಳಿಯ ತೇವವೊಂದೇ ಮರವನ್ನು ಆ ಮಟ್ಟಕ್ಕೆ ಒಯ್ಯುವುದು ವಿರಳ. ಒಯ್ಯುವುದು ಸೋರುವ, ನಿಲ್ಲುವ, ಒಸರುವ ನೀರು. ಅದನ್ನು ಮರ ಅತಿ ಬೇಗ ಹೀರುವುದು ಅಡ್ಡ ಕೊಯ್ದ ತುದಿಗಳಿಂದ.

ಪೈನ್, ದೇವದಾರುಗಳಂಥ ಸೂಜಿ ಎಲೆಯ ಮರಗಳನ್ನೇ ಮೃದುಮರಗಳೆನ್ನುವುದು. ಮನಾಲಿಯ ಹಿಡಿಂಬಾ ದೇಗುಲ 1553ರದು. ಅದರ ಮರ ದೇವದಾರು. ನಾರ್ವೆಯ ಬೋರ್ಗುಂಡ್ ಚರ್ಚ್ ಸುಮಾರು 1180ರದು, ಅದು ಪೈನ್. ಅದಕ್ಕೂ ಮೊದಲು ಕಂಬಗಳನ್ನು ನೆಲದಲ್ಲಿ ಹೂತು ಕಟ್ಟಿದ ಚರ್ಚುಗಳು ಬುಡ ಕೊಳೆತು ಅಳಿದವು. ಬೋರ್ಗುಂಡ್ ಉಳಿದದ್ದು ಕಲ್ಲಿನ ಪಾಯದ ಮೇಲೆ ನಿಂತದ್ದರಿಂದ, ಕಡಿದಾದ ಮಾಡಿನಿಂದ, ಕಾಲಕಾಲಕ್ಕೆ ಬಳಿದ ಟಾರಿನಿಂದ.

ಎಲ್ಲ ಮೃದುಮರವೂ ಸಮವೆಂದು ನಾನು ವಾದಿಸುತ್ತಿಲ್ಲ. ದೇವದಾರಿನ ಚೇಗು ಸ್ವಭಾವತಃ ಬಾಳಿಕೆಯದು. ಪೈನಿನ ಹೊರಗಿನ ಬಿಳಿ ಭಾಗ ಬೇಗ ಸೋಲುತ್ತದೆ, ಅದು ನೆಲಕ್ಕೆ ತಾಗಲೇಬಾರದು. ಆದರೆ ನಾವು ಮಾಡುತ್ತಿರುವುದೇನು? ಸೂರಿಲ್ಲದ ಗೋಡೆಗೆ ಕಿಟಕಿ ಇಡುತ್ತೇವೆ. ದಾರಂದದ ಬುಡವನ್ನು ಸಿಮೆಂಟಿನಲ್ಲಿ ಹೂಳುತ್ತೇವೆ. ಹಸಿ ಮರಕ್ಕೇ ಎಣ್ಣೆಬಣ್ಣ ಬಳಿದು ನೀರನ್ನು ಒಳಗೇ ಬಂಧಿಸುತ್ತೇವೆ. ಕೊಳೆತ ಮೇಲೆ ಮರವನ್ನು ದೂರುತ್ತೇವೆ. ಇಂಥ ಕಟ್ಟಡದಲ್ಲಿ ಹೊನ್ನೆಯೂ ಸೋಲುತ್ತದೆ, ತುಸು ತಡವಾಗಿ ಅಷ್ಟೆ.

ಕಂಬದ ಬುಡಕ್ಕೆ ಕಲ್ಲು, ಗೋಡೆಯಿಂದ ಆಚೆ ಚಾಚಿದ ಸೂರು: ನಮ್ಮ ಹಿರಿಯರು ತೇವಾಂಶವನ್ನು ಅಳೆಯಲಿಲ್ಲ, ಅರಿತಿದ್ದರು. ಹೊನ್ನೆಯ ಬುಡಕ್ಕೆ ಕೊಡಲಿ ಇಡುವ ಮುನ್ನ ಮೇಸ್ತ್ರಿಯನ್ನು ಕೇಳಿರಿ: ಮರ ಒಣಗಿದೆಯೇ? ಅದರ ಮೇಲೆ ಸೂರಿದೆಯೇ? ಬುಡ ನೆಲದಿಂದ ಮೇಲಿದೆಯೇ? ನೆನೆದ ಮರ ಆರಲು ಗಾಳಿಗೆ ದಾರಿಯಿದೆಯೇ? ಉತ್ತರ ಇಲ್ಲವೆಂದಾದರೆ ಬದಲಾಗಬೇಕಾದುದು ಮನೆಯ ನಕ್ಷೆ. ಉರುಳಬೇಕಾದುದು ಕಾಡಿನ ಮರವಲ್ಲ.