ಸಾಲದ ಅಂಕ ಶೀಲದ ಅಂಕವಲ್ಲ



ಬದುಕಿನ ಬಹುಭಾಗವನ್ನು ಅಂಕಪಟ್ಟಿ ಬರೆಯುವುದರಲ್ಲಿಯೇ ಕಳೆದವನು ನಾನು. ಅಂಕ ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಮೇಷ್ಟರಾದವರು ಚೆನ್ನಾಗಿ ಬಲ್ಲರು. ಆದ್ದರಿಂದ ಬ್ಯಾಂಕಿನ ಕೆಲಸಕ್ಕೆ ಅಭ್ಯರ್ಥಿಯ ‘ಸಿಬಿಲ್’ ಅಂಕವನ್ನೂ ಒರೆಗೆ ಹಚ್ಚುವ ಪದ್ಧತಿಯ ಬಗ್ಗೆ ನಾನು ಸುಮ್ಮನಿರಲಾರೆ.

2023ರಲ್ಲಿ ಐಬಿಪಿಎಸ್ ಸಂಸ್ಥೆಯು ಗುಮಾಸ್ತ ಹುದ್ದೆಗಳ ಪ್ರಕಟಣೆಯಲ್ಲಿ, ಕೆಲಸಕ್ಕೆ ಸೇರುವ ವೇಳೆಗೆ ಕನಿಷ್ಠ 650 ಅಂಕವಿರಬೇಕೆಂದಿತು. ಮರುವರ್ಷ ಅದನ್ನು ಸಡಿಲಿಸಿ, ಮಿತಿಯ ನಿರ್ಧಾರವನ್ನು ಆಯಾ ಬ್ಯಾಂಕಿಗೆ ಬಿಡಲಾಯಿತು. ಸಾಲ ಮರುಪಾವತಿಯ ಲೋಪಕ್ಕಾಗಿ ಸ್ಟೇಟ್ ಬ್ಯಾಂಕು ಅಭ್ಯರ್ಥಿಯೊಬ್ಬರ ನೇಮಕವನ್ನು ರದ್ದುಪಡಿಸಿದ್ದನ್ನು 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಸ್ವಂತ ಹಣದಲ್ಲಿ ಶಿಸ್ತಿಲ್ಲದವನ ಕೈಗೆ ಸಾರ್ವಜನಿಕರ ಹಣವನ್ನು ಹೇಗೆ ಕೊಡುವುದು ಎಂಬುದು ಇದರ ಹಿಂದಿರುವ ವಾದ.

ವಾದ ಪೊಳ್ಳಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಾನೇ ನಿಮಗೆ ಪಾಠ ಹೇಳಿದ್ದೇನೆ. ಆದರೆ ಸಾಲ ತೀರಿಸದವನೂ ತೀರಿಸಲಾರದವನೂ ಒಂದೇ ಅಲ್ಲ. ಅಂಕಕ್ಕೆ ಈ ಭೇದ ಕಾಣದು.

ನಮ್ಮ ಮಾದಿಹಳ್ಳಿ, ಹಳೇಬೀಡು ಸೀಮೆಯನ್ನೇ ನೋಡಿ. ಶುಂಠಿಗೆ ಕೊಳೆರೋಗ ಬಂದರೆ, ಆಲೂಗಡ್ಡೆಗೆ ಅಂಗಮಾರಿ ತಗುಲಿದರೆ ಮನೆಯ ವರ್ಷದ ಲೆಕ್ಕವೇ ಬುಡಮೇಲಾಗುತ್ತದೆ. ಶಿಕ್ಷಣ ಸಾಲದಲ್ಲಿ ತಂದೆಯೊಡನೆ ಮಗನೂ ಸಾಲಗಾರ. ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನೊಬ್ಬ, ತಂದೆ ಆಸ್ಪತ್ರೆಯಲ್ಲಿದ್ದಾಗ ತಪ್ಪಿದ ಕಂತುಗಳ ಪಟ್ಟಿ ಹಿಡಿದು ನನ್ನ ಮನೆಯ ಜಗಲಿಯಲ್ಲಿ ಕುಳಿತಿದ್ದ. ಕೆಲಸವಿಲ್ಲದೆ ಕಂತು ತಪ್ಪುತ್ತದೆ. ಕಂತು ತಪ್ಪಿದ್ದರಿಂದ ಕೆಲಸ ತಪ್ಪುತ್ತದೆ. ಸಾಲ ತೀರಿಸಲು ಇರುವ ಒಂದೇ ದಾರಿಯನ್ನು ಸಾಲದ ಹೆಸರಿನಲ್ಲಿಯೇ ಮುಚ್ಚುವುದು ಯಾವ ನ್ಯಾಯ?

ಹಳೆಯ ಕಾನೂನು ಇಷ್ಟು ಕುರುಡಾಗಿರಲಿಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು, ನೌಕರನು ಸದಾ ಸಾಲದಲ್ಲಿ ಮುಳುಗಿರಬಾರದೆನ್ನುತ್ತದೆ. ಆದರೆ ಆ ಸಾಲ ದುಂದುವೆಚ್ಚದಿಂದ ಬಂದದ್ದಲ್ಲ, ಕೈಮೀರಿದ ಸನ್ನಿವೇಶದಿಂದ ಬಂದದ್ದು ಎಂದು ತೋರಿಸಿಕೊಡಲು ಅವಕಾಶವನ್ನೂ ಇಟ್ಟಿದೆ. ನಿಮ್ಮಲ್ಲಿ ಕೆಲವರು ನೆಲೆಸಿರುವ ಅಮೆರಿಕದಲ್ಲಿ, ಸರ್ಕಾರದ ರಹಸ್ಯ ಕಡತಗಳನ್ನು ನೋಡುವ ಹುದ್ದೆಗೆ ಸಾಲವನ್ನೂ ತೆರಿಗೆ ಬಾಕಿಯನ್ನೂ ಕೆದಕುತ್ತಾರೆ. ಆದರೂ 2017ರಿಂದ ಜಾರಿಯಲ್ಲಿರುವ ಅಲ್ಲಿನ ಮಾರ್ಗಸೂಚಿಯು ಉದ್ಯೋಗನಷ್ಟ, ಕಾಯಿಲೆ, ಮನೆಯಲ್ಲಿನ ಸಾವುಗಳಿಂದಾದ ಸಾಲವನ್ನು ಬೇರೆಯಾಗಿ ತೂಗುತ್ತದೆ. ತೆರಿಗೆ ಬಾಕಿಯನ್ನು ಒಪ್ಪಂದದಂತೆ ಕಟ್ಟುತ್ತಿರುವವನ ಪ್ರಾಮಾಣಿಕತೆಯನ್ನೂ ಪರಿಗಣಿಸುತ್ತದೆ. ರಾಷ್ಟ್ರದ ಗುಟ್ಟನ್ನು ಕಾಯುವವನಿಗೆ ಇರುವ ಈ ವಿನಾಯಿತಿ ನಮ್ಮ ಗುಮಾಸ್ತನಿಗೇಕೆ ಬೇಡ?

ದೊಡ್ಡವರ ವಿಷಯಕ್ಕೆ ಬನ್ನಿ. ನಮ್ಮ ಕರ್ನಾಟಕವೇ 2002ರಲ್ಲಿಯೂ 2010ರಲ್ಲಿಯೂ ವಿಜಯ್ ಮಲ್ಯ ಅವರನ್ನು ರಾಜ್ಯಸಭೆಗೆ ಕಳುಹಿಸಿತು. ಅವರ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರ್‌ನಲ್ಲಿ ನಿಂತವು. ಬ್ಯಾಂಕುಗಳ ಬಾಕಿ ಬಡ್ಡಿ ಸೇರಿ ಸುಮಾರು 9,000 ಕೋಟಿ ರೂಪಾಯಿಗೆ ಬೆಳೆಯಿತು. ಸೇವಾ ತೆರಿಗೆಯ ಬಾಕಿ ಬೇರೆ. ಆದರೂ 2016ರ ಮೇ ತಿಂಗಳಲ್ಲಿ ರಾಜೀನಾಮೆ ಕೊಡುವವರೆಗೆ ಅವರು ಶಾಸನ ರೂಪಿಸುವ ಸದನದ ಸದಸ್ಯರೇ ಆಗಿದ್ದರು. ದೇಶ ಬಿಟ್ಟು ಹೋಗಿ ಆಗಲೇ ಎರಡು ತಿಂಗಳಾಗಿತ್ತು. ಸಂವಿಧಾನದ 102ನೆಯ ವಿಧಿಯು ನ್ಯಾಯಾಲಯ ದಿವಾಳಿಯೆಂದು ಸಾರಿದವರನ್ನು ಅನರ್ಹಗೊಳಿಸುತ್ತದೆಯೇ ಹೊರತು ಬರಿಯ ಬಾಕಿದಾರರನ್ನಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಬಡವರ ಮಕ್ಕಳಿಗೆ ಮಾತ್ರವೇ?

ನನ್ನ ಬೇಡಿಕೆ ಸಣ್ಣದು. ಅಂಕ ಕಡಿಮೆಯಾದವನನ್ನು ಕರೆದು ಕಾರಣ ಕೇಳಲಿ. ಕಾರಣ ಸಾಚಾ ಆಗಿದ್ದರೆ ಕೆಲಸ ಕೊಟ್ಟು, ಸಂಬಳದಿಂದಲೇ ಕಂತು ಮುರಿದುಕೊಳ್ಳಲಿ. ನಿಮ್ಮಲ್ಲಿ ಬ್ಯಾಂಕಿನ ಹಿರಿಯ ಹುದ್ದೆಗಳಲ್ಲಿರುವವರು ಈ ಮಾತನ್ನು ತಕ್ಕ ಸಭೆಗಳಲ್ಲಿ ಎತ್ತಬೇಕು. ಕಿರಿಯರು ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ತಮ್ಮ ಸಾಲದ ವರದಿಯನ್ನು ತರಿಸಿ ನೋಡಿ. ತಪ್ಪಿದ್ದರೆ ಲಿಖಿತ ದೂರು ಕೊಡಿ. ಕಂತು ಕಟ್ಟಲಾಗದ ತಿಂಗಳು ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ಕಾರಣ ತಿಳಿಸಿ, ಸ್ವೀಕೃತಿ ಪಡೆಯಿರಿ. ನಾಳೆ ಯಾರಾದರೂ ಕಾರಣ ಕೇಳಿದರೆ, ತೋರಿಸಲು ನಿಮ್ಮ ಕೈಯಲ್ಲಿ ಒಂದು ಕಾಗದವಾದರೂ ಇರಲಿ.